ಲಾಸಾದಲ್ಲಿ ಮೊದಲ ಎರಡು ದಿನ ಸುಮ್ನೆ ಇದ್ದೆ

ನಮ್ಮೂರು ಕುಶಾಲನಗರ. ಪಕ್ಕದಲ್ಲೇ ಬೈಲಕುಪ್ಪೆ. ಅಲ್ಲಿನ ಸೆರಾ ಮಠದ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದ ಮಾಡುವುದನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವಳು ನಾನು. ಅದರ ಮೂಲ ಮಠ ಇರುವುದು ಟಿಬೆಟ್‌ನ ರಾಜಧಾನಿ ಲಾಸಾದಲ್ಲಿ, ಶುರುವಾಗಿದ್ದು 1419ರಲ್ಲಿ. ಒಮ್ಮೆ ನೋಡಲೇಬೇಕು ಅನ್ನುವ ಆಸೆ ಬಹಳ ದಿನದ್ದು.

ವಿದೇಶಿಯರು ಅಲ್ಲಿಗೆ ತಾವಾಗಿಯೇ ಹೋಗುವಂತಿಲ್ಲ. ಚೀನಾ ವೀಸಾ ಜೊತೆಗೆ ಟಿಬೆಟ್ ಪರ್ಮಿಟ್ ಬೇಕು, ಅದನ್ನು ಟೂರ್ ಏಜೆನ್ಸಿಯೇ ಮಾಡಿಸಬೇಕು, ಗೈಡ್ ಜೊತೆಗಿರಬೇಕು. ಏಜೆನ್ಸಿಯವರು ನಾನು ತಲುಪಿದ ಮರುದಿನವೇ ದಲೈ ಲಾಮಾಗಳು ಹಿಂದೆ ಇದ್ದ ಪೊಟಾಲಾ ಅರಮನೆ ಇಟ್ಟಿದ್ದರು. ನಾನು ಹಟ ಹಿಡಿದು ಮೂರನೇ ದಿನಕ್ಕೆ ಹಾಕಿಸಿದೆ. ಲಾಸಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ, ಹತ್ತಿರ ಹತ್ತಿರ ಎರಡು ಮುಳ್ಳಯ್ಯನಗಿರಿಯಷ್ಟು. ಚೀನಾದ ಶೀನಿಂಗ್ ನಗರದಿಂದ ರೈಲಲ್ಲಿ ಹೋದರೆ ದೇಹ ಹೊಂದಿಕೊಳ್ಳುತ್ತದೆ ಅಂದುಕೊಂಡಿದ್ದೆ. ಆದರೆ ಆ ರೈಲು ದಾರಿಯಲ್ಲಿ 5,072 ಮೀಟರ್‌ವರೆಗೂ ಏರುತ್ತದೆ. ಇಳಿಯುವಾಗಲೇ ತಲೆ ಸಿಡಿಯುತ್ತಿತ್ತು. ಎರಡು ದಿನ ನೀರು, ಗಂಜಿ, ನಿದ್ದೆ, ಅಷ್ಟೇ. ರಾತ್ರಿ ನಿದ್ದೆಯಲ್ಲೇ ಉಸಿರು ಸಾಲದೆ ಎದ್ದು ಕೂರುತ್ತಿದ್ದೆ.

ಎರಡನೇ ಸಂಜೆ ನಿಧಾನವಾಗಿ ಬಾರ್ಖೋರ್ ಬೀದಿಗೆ ಹೋದೆ. ಜೋಖಾಂಗ್ ದೇವಾಲಯದ ಸುತ್ತ ಜನ ಪ್ರದಕ್ಷಿಣೆ ಬರುವ ಬೀದಿ ಅದು. ಎಲ್ಲರೂ ಬಲಕ್ಕೇ ಸುತ್ತುತ್ತಾರೆ, ನೀವೂ ಹಾಗೇ ನಡೆಯಿರಿ. ದೇವಾಲಯದ ಬಾಗಿಲ ಮುಂದೆ ಅಜ್ಜಿಯೊಬ್ಬರು ದೀರ್ಘದಂಡ ನಮಸ್ಕಾರ ಹಾಕುತ್ತಿದ್ದರು. ಅಂಗೈಗೆ ಮರದ ಹಲಗೆ ಕಟ್ಟಿಕೊಂಡಿದ್ದರು. ಅದು ಕಲ್ಲಿನ ಮೇಲೆ ಸರ್ರನೆ ಜಾರುವ ಸದ್ದು ಈಗಲೂ ಕಿವಿಯಲ್ಲಿದೆ. ನೆಲದ ಕಲ್ಲು ನಮ್ಮನೆಯ ಹಳೇ ಒರಳಿನ ಹಾಗೆ ಸವೆದು ನುಣ್ಣಗಾಗಿದೆ. ನಾನು ಮಾತಾಡದೆ ಪಕ್ಕದಲ್ಲಿ ಕೂತೆ. ಜೋಖಾಂಗ್ ಒಳಗೆ ಯಾಕ್ ಬೆಣ್ಣೆಯ ದೀಪಗಳ ಕಮಟು ವಾಸನೆ, ಬಿಸಿ. ಜನ ಫ್ಲಾಸ್ಕಿನಲ್ಲಿ ಕರಗಿದ ಬೆಣ್ಣೆ ತಂದು ದೀಪಕ್ಕೆ ಹುಯ್ಯುತ್ತಾರೆ.

ಪೊಟಾಲಾಕ್ಕೆ ಟಿಕೆಟ್ಟಿನಲ್ಲಿ ಕೊಟ್ಟ ಹೊತ್ತಿಗೇ ಹೋಗಬೇಕು, ಪಾಸ್‌ಪೋರ್ಟ್ ಮರೆಯಬೇಡಿ. ಒಳಗೆ ಫೋಟೋ ಇಲ್ಲ. ಮೆಟ್ಟಿಲು ಜಾಸ್ತಿ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತೆ. ಹಾಗೆ ನಿಂತಿದ್ದರಿಂದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಗೋಡೆಯ ಮೇಲಂಚಿನ ಕೆಂಗಂದು ಪಟ್ಟಿ ಬರೀ ಬಣ್ಣವಲ್ಲ. ಸಣ್ಣ ಕಡ್ಡಿಗಳನ್ನು ಕಂತೆ ಕಟ್ಟಿ, ತುದಿ ಹೊರಗೆ ಬರುವಂತೆ ಒತ್ತಾಗಿ ಜೋಡಿಸಿ, ಆಮೇಲೆ ಬಣ್ಣ ಕೊಟ್ಟಿದ್ದಾರೆ. ಗೋಡೆಯ ಭಾರ ಮೇಲೆ ಹೋದಂತೆ ಕಮ್ಮಿ ಆಗುತ್ತದೆ ಅಲ್ವಾ, ಎಂಥ ಉಪಾಯ!

ಸೆರಾಕ್ಕೆ ಕೊನೆಗೆ ಹೋದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮರಗಳ ಕೆಳಗಿನ ಅಂಗಳದಲ್ಲಿ ವಾದ ಶುರುವಾಯಿತು. ಕೂತವರು ಉತ್ತರ ಹೇಳಬೇಕು, ನಿಂತವರು ಪ್ರಶ್ನೆ ಹಾಕಬೇಕು. ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ ಬಡಿದು, ಬಲಗೈಯಿಂದ ಎಡ ಅಂಗೈಗೆ ಚಟಾರನೆ ತಟ್ಟುತ್ತಾರೆ. ಬೈಲಕುಪ್ಪೆಯಲ್ಲಿ ಕೇಳಿದ ಅದೇ ಸದ್ದು. ಕಣ್ಣು ಮುಚ್ಚಿ ಕೇಳಿದೆ.