ಬಿಳಿ ಚೀಟಿ, ಕರಿ ಚೀಟಿ: ರಸ್ಟಿ ಲೇಕ್ ಥಿಯರಿಗಳನ್ನು ಜರಡಿ ಹಿಡಿದ ನನ್ನ ಅನುಭವ

ರಸ್ಟಿ ಲೇಕ್ ಎಂಬ ಒಗಟಿನ ವಿಡಿಯೋ ಗೇಮ್ ಸರಣಿಯ ಕಥೆಯ ಒಳಗುಟ್ಟು ಬಿಡಿಸಲು ಚೀಟಿ, ದಾರ, ಬಟ್ಟೆ ಕ್ಲಿಪ್ ಸಾಕು ಎಂದಾಗ ಕಲಬುರಗಿಯ ನಮ್ಮ ಆಟದ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಎಕ್ಸೆಲ್‌ನಾಗ ಹಾಕ್ರಿ, ಮುಗೀತದ" ಎಂದರು. ಎಕ್ಸೆಲ್‌ನಲ್ಲಿ ಎರಡು ಸಲ ಹಾಕಿ, ಎರಡು ಸಲವೂ ಕೆಟ್ಟ ಮೇಲೆಯೇ ನಾನು ದಾರ ಕಟ್ಟಿದ್ದು. ಆಟಗಳನ್ನು ಮುಗಿಸಿದವರಿಗಾಗಿ ಬರೆಯುತ್ತಿದ್ದೇನೆ, ಕಥೆಯನ್ನು ಮುಚ್ಚಿಡುವುದಿಲ್ಲ.

ಎಕ್ಸೆಲ್ ಕೆಟ್ಟದ್ದು ಯಾಕೆಂದರೆ ಅಲ್ಲಿ ಎಲ್ಲ ಸಾಲೂ ಒಂದೇ ಥರ ಕಾಣುತ್ತವೆ. ಲಾರಾ, ಬಾಬ್ ಆಟದ ಪಾತ್ರಗಳು. "ಲಾರಾ ಸತ್ತಳು" ಅನ್ನುವುದು ಪರದೆಯ ಮೇಲೆ ಕಂಡದ್ದು, "ಬಾಬ್ ಕೊಂದ" ಅನ್ನುವುದು ನಮ್ಮ ಊಹೆ. ಮೂರು ತಿಂಗಳು ಬಿಟ್ಟು ಶೀಟು ತೆರೆದರೆ ಎರಡೂ ಸತ್ಯವೆಂದೇ ಓದಿಕೊಂಡು ಹೋಗುತ್ತೇವೆ. ಅದರ ಮೇಲೆ ಇನ್ನೊಂದು ಊಹೆ, ಆಮೇಲೆ ಮತ್ತೊಂದು. ನನ್ನ ಎರಡನೇ ಶೀಟಿನಲ್ಲಿ ಸುಮಾರು 400 ಸಾಲು ಇದ್ದವು. ಸ್ಕ್ರೀನ್‌ಶಾಟ್ ತೋರಿಸಲು ಆಗಿದ್ದು 150ಕ್ಕೋ ಏನೋ.

ದಾರಿ ತೋರಿಸಿದ್ದು ಬಿದರಿ. ಸತು ಮತ್ತು ತಾಮ್ರದ ಎರಕವನ್ನು ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಕುದಿಸಿದರೆ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎರಡೂ ಒಂದೇ ತಟ್ಟೆಯಲ್ಲಿದ್ದರೂ ಯಾವುದು ಯಾವುದು ಅನ್ನುವ ಗೊಂದಲವಿಲ್ಲ. ಆಟದ ಒಳಗೂ ಕರಿ ಘನ, ಬಿಳಿ ಘನ (ಕ್ಯೂಬ್) ಇವೆಯಲ್ಲ, ಹಾಗಾಗಿ ಬಣ್ಣ ನೆನಪಿಡುವುದೂ ಸುಲಭವಾಯಿತು.

ಎ4 ಹಾಳೆಯನ್ನು ಎಂಟು ತುಂಡು ಮಾಡಿದರೆ ಎಂಟು ಬಿಳಿ ಚೀಟಿ. ಎಡ ಮೂಲೆಗೆ ಕಥೆಯ ಇಸವಿ, ಬಲಕ್ಕೆ ಆಟದ ಹೆಸರು, ಕೆಳಗೆ ಸ್ಕ್ರೀನ್‌ಶಾಟ್ ನಂಬರು. ನಡುವೆ ಕಂಡದ್ದಷ್ಟೇ: ಯಾವ ಕೋಣೆ, ಯಾವ ಗೋಡೆ, ಏನು ವಸ್ತು, ಯಾರು ಏನು ಮಾಡಿದರು. "ಯಾಕೆ" ಅನ್ನುವ ಮಾತು ಬಿಳಿ ಚೀಟಿಯಲ್ಲಿ ಬರಕೂಡದು. ಕರಿ ಚಾರ್ಟ್ ಪೇಪರಿನ ಮೇಲೆ ಬಿಳಿ ಜೆಲ್ ಪೆನ್ನಿನಲ್ಲಿ ಬರೆದದ್ದು ಊಹೆ. ಒಂದು ಕರಿ ಚೀಟಿ ದಾರಕ್ಕೆ ಏರಬೇಕಾದರೆ ಎರಡು ಬೇರೆ ಬೇರೆ ಆಟಗಳ ಬಿಳಿ ಚೀಟಿ ಅದನ್ನು ಹಿಡಿದಿರಬೇಕು. ಮೂರು ತಿಂಗಳಲ್ಲಿ ಎರಡನೆಯದು ಸಿಗಲಿಲ್ಲವೆಂದರೆ ಇಳಿಸಿ ಡಬ್ಬಿಗೆ.

ಚೀಟಿ ನೇತುಹಾಕುವ ದಾರದ ಅಳತೆಯಲ್ಲಿ ಎಡವಿದೆ. ಮೊದಲು ಆಟಗಳು ಬಿಡುಗಡೆಯಾದ ಕ್ರಮದಲ್ಲೇ ಕಟ್ಟಿದ್ದೆ, ಏನೂ ಕೂಡಿಬರಲಿಲ್ಲ. 2018ರಲ್ಲಿ ಬಂದ ಪ್ಯಾರಡೈಸ್‌ನ ಕಥೆ ನಡೆಯುವುದು 1796ರಲ್ಲಿ. 2015ರ ಹೋಟೆಲ್ 1893ರದ್ದು. 2016ರ ರೂಟ್ಸ್ 1860ರಿಂದ ಶುರು. ಆಮೇಲೆ ವರ್ಷಕ್ಕೆ ಒಂದು ಇಂಚಿನಂತೆ ಕಟ್ಟಿದೆ. 1796ರಿಂದ 1984ರವರೆಗೆ 188 ಇಂಚು, ಹದಿನಾರು ಅಡಿ ದಾರ ಸಾಕು. ಆದರೆ 1971ರ ಒಂದೇ ಇಂಚಿನಲ್ಲಿ ನಲವತ್ತಕ್ಕೂ ಹೆಚ್ಚು ಚೀಟಿ ಬಂದು ಗುಪ್ಪೆಯಾಯಿತು. 1969ರಿಂದ 1972ರವರೆಗಿನ ಭಾಗಕ್ಕೆ ಮಾತ್ರ ಬೇರೆ ದಾರ ಕಟ್ಟಿ, ವರ್ಷಕ್ಕೆ ಮೂರು ಅಡಿ ಕೊಟ್ಟೆ. ಲೇಕ್, ಕೇಸ್ 23, ವೈಟ್ ಡೋರ್ ಮೂರೂ ಆಟಗಳು ಅಲ್ಲೇ ಕೂರುತ್ತವೆ.

ಥರ್ಮಾಕೋಲ್ ಹಲಗೆ ತರಬೇಡಿ. ನಮ್ಮ ಬೇಸಿಗೆಗೆ ಫ್ಯಾನ್ ನಿಲ್ಲಿಸಲು ಆಗುವುದಿಲ್ಲ, ಗುಂಡುಪಿನ್ನು ಸಡಿಲಾಗಿ ಚೀಟಿ ಹಾರುತ್ತವೆ. ಎರಡು ಹಲಗೆಗೆ 300 ರೂಪಾಯಿ ಹೋಯಿತು. ಬಟ್ಟೆ ಕ್ಲಿಪ್ಪಿಗೆ ಆ ತೊಂದರೆಯಿಲ್ಲ. ದೊಡ್ಡ ಖರ್ಚು ಕಲರ್ ಪ್ರಿಂಟಿನದು. ಈ ಆಟದ ಚಿತ್ರಗಳೆಲ್ಲ ಕತ್ತಲು, ಪ್ರಿಂಟ್ ತೆಗೆದರೆ ಹಾಳೆಯೆಲ್ಲ ಮಸಿ. ಪುಟಕ್ಕೆ ಹತ್ತು ರೂಪಾಯಿಯಂತೆ ಸುಮಾರು 1,200 ಕೊಟ್ಟ ಮೇಲೆ ಬುದ್ಧಿ ಬಂತು. ಈಗ ಫೋನಿನಲ್ಲೇ ಬ್ರೈಟ್‌ನೆಸ್ ನೂರಕ್ಕೆ ಮೂವತ್ತು ನಲವತ್ತು ಏರಿಸಿ, ಬೇಕಾದ ವಸ್ತುವನ್ನಷ್ಟೇ ಕತ್ತರಿಸಿ, ಒಂದು ಹಾಳೆಗೆ ಹನ್ನೆರಡು ಜೋಡಿಸಿ, ಎರಡು ರೂಪಾಯಿಯ ಕಪ್ಪು ಬಿಳುಪು ಜೆರಾಕ್ಸ್ ಮಾಡಿಸುತ್ತೇನೆ.

ಇನ್ನು ಬಾಬ್ ವಿಷಯ. ಆಟ ಕಟ್ಟಿದ ಆಮ್‌ಸ್ಟರ್‌ಡ್ಯಾಮ್‌ನ ರಾಬಿನ್ ರಾಸ್ ಮತ್ತು ಮಾರ್ಟನ್ ಲೋಯಿಸೆ ಟ್ವಿನ್ ಪೀಕ್ಸ್ ಧಾರಾವಾಹಿಯ ಪ್ರಭಾವವನ್ನು ಮುಚ್ಚಿಟ್ಟಿಲ್ಲ. ಈ ಆಟಗಳಂತೆ ಅಲ್ಲೂ ಲಾರಾ ಸಾಯುತ್ತಾಳೆ, ಡೇಲ್ ಎಂಬ ಪತ್ತೇದಾರ ತನಿಖೆ ಮಾಡುತ್ತಾನೆ, ಕೊಲೆಯ ಹಿಂದೆ ಬಾಬ್ ಎಂಬ ಕೆಟ್ಟ ಆತ್ಮ ಇರುತ್ತದೆ. ಹೆಸರು ಹೊಂದಿತು ಅಂತ ಇಲ್ಲೂ ಬಾಬನೇ ಕೊಲೆಗಾರ ಎಂದು ನನ್ನ ಎರಡೂ ಶೀಟಿನಲ್ಲಿ ಬರೆದಿದ್ದೆ. ಚೀಟಿಗೆ ಬಂದಾಗ ಅದನ್ನು ಹಿಡಿಯುವ ಬಿಳಿ ಚೀಟಿ ಒಂದೂ ಸಿಗಲಿಲ್ಲ. ಧಾರಾವಾಹಿಯಿಂದ ತಂದದ್ದು ಬಿಟ್ಟರೆ ಆಟದಿಂದ ಏನೂ ಇಲ್ಲ. ಕರಿ ಚೀಟಿ ಇಳಿಸಿದೆ. "ಇಷ್ಟು ಸ್ಪಷ್ಟ ಇದ್ದದ್ದನ್ನೂ ಬಿಟ್ಟಿ" ಎಂದು ಗುಂಪಿನಲ್ಲಿ ಬೈದರು. 2020ರ ಜನವರಿಯಲ್ಲಿ ವೈಟ್ ಡೋರ್ ಬಂತು. ಏಳು ದಿನ, ಬಿಳಿ ಕೋಣೆ, ನೆನಪು ಕಳೆದುಕೊಂಡ ಬಾಬ್, ಲಾರಾಳನ್ನು ಕಳೆದುಕೊಂಡ ಸಂಕಟ, ಕೊಲೆಗಾರನ ಚಿತ್ರವಲ್ಲ. ಆಡಿ ಮುಗಿಸಿದ ದಿನವೇ ಗುಂಪಿನ ಇಬ್ಬರು ಬಂದು ಚೀಟಿ ಕತ್ತರಿಸುವ ಅಳತೆ ಕೇಳಿ ಬರೆದುಕೊಂಡರು.

ಹೀಗೆ ಆಟದ ಹೊರಗಿಂದ ತಂದ ನಮೂನೆ ಎಂದೂ ಕೆಲಸಕ್ಕೆ ಬಾರದು ಅಂತಲ್ಲ. ಪ್ಯಾರಡೈಸ್‌ನಲ್ಲಿ ಬೈಬಲ್ಲಿನ ಹತ್ತು ಪಿಡುಗುಗಳು ಒಂದಾದ ಮೇಲೊಂದು ಬರುತ್ತವೆ. ಅಲ್ಲಿ ಆಟವೇ ಆ ನಮೂನೆಯನ್ನು ಮೊದಲಿಂದ ಕೊನೆಯವರೆಗೆ ಹಿಡಿದು ನಡೆಯುತ್ತದೆ. ಹೆಸರು ಮಾತ್ರ ಹೊಂದುವುದು ಬೇರೆ, ಹೆಜ್ಜೆ ಹೊಂದುವುದು ಬೇರೆ. ನಾನು ಕನಿಷ್ಠ ನಾಲ್ಕು ಹೆಜ್ಜೆ ಕೇಳುತ್ತೇನೆ.

ಥಿಯರಿ ಮಾಡುವವರೆಲ್ಲ ಒಂದು ಸಲವಾದರೂ ಲಗ್ನಪತ್ರಿಕೆಯ ಪರೀಕ್ಷೆ ಮಾಡಲೇಬೇಕು. ಮನೆಯಲ್ಲಿದ್ದ ಒಂದು ಹಳೇ ಲಗ್ನಪತ್ರಿಕೆಯನ್ನು ಇಬ್ಬರಿಗೆ ಕೊಟ್ಟು, ಇದಕ್ಕೂ ರಸ್ಟಿ ಲೇಕ್‌ಗೂ ಏನು ನಂಟು ಹುಡುಕಿ ಎಂದೆ. ಒಂದು ಗಂಟೆಯಲ್ಲಿ ಒಂಬತ್ತು ನಂಟು ಸಿಕ್ಕವು. ಮುಹೂರ್ತ 11 ಗಂಟೆ 23 ನಿಮಿಷ, ಅದು ಕೇಸ್ 23. ಅಂಚಿನಲ್ಲಿ ನವಿಲು, ಅದು ಆಟದ ಹಕ್ಕಿಮುಖದ ಪಾತ್ರಗಳಾದ ಮಿಸ್ಟರ್ ಕ್ರೋ, ಮಿಸ್ಟರ್ ಔಲ್. ತಾವರೆ ಇದೆ, ಹಾಗಾದರೆ ಕೆರೆಯೂ ಇದೆ. ಅಂದರೆ ಅಂಕಿ, ಹಕ್ಕಿ, ಬಣ್ಣ ಮೂರೂ ಯಾವ ಕಾಗದದಲ್ಲಿ ಹುಡುಕಿದರೂ ಸಿಗುತ್ತವೆ. ಅವತ್ತು ಈ ಮೂರರ ಮೇಲೆಯೇ ನಿಂತ ಕರಿ ಚೀಟಿಗಳನ್ನೆಲ್ಲ ಇಳಿಸಿದೆ, ಅರವತ್ತರ ಹತ್ತಿರ.

ಬಿಳಿ ಚೀಟಿಯಲ್ಲೂ ಊಹೆ ನುಸುಳುತ್ತದೆ ಎಂದು ಗೊತ್ತಾದದ್ದು 2022ರ ಪಾಸ್ಟ್ ವಿದಿನ್ ಆಡುವಾಗ. ಇಬ್ಬರೇ ಆಡಬೇಕು, ಒಬ್ಬರಿಗೆ ಭೂತಕಾಲ, ಇನ್ನೊಬ್ಬರಿಗೆ ಭವಿಷ್ಯ. ಒಬ್ಬರ ಪರದೆ ಇನ್ನೊಬ್ಬರು ನೋಡುವಂತಿಲ್ಲ, ಬಾಯಲ್ಲೇ ಹೇಳಬೇಕು. ಇಬ್ಬರಿಗೂ ಬೇರೆ ಬೇರೆ ಪ್ರತಿ ಕೊಳ್ಳಬೇಕು, ಸೇರಿ 500 ರೂಪಾಯಿ ಒಳಗೇ ಆಯಿತು. ನಾನು ಅದೇ ಕ್ರಮವನ್ನು ಹಳೇ ಆಟಗಳಿಗೂ ತಂದೆ. ಇಬ್ಬರೂ ಬೇರೆ ಬೇರೆ ಕೂತು ಒಂದೇ ದೃಶ್ಯಕ್ಕೆ ಚೀಟಿ ಬರೆಯುವುದು, ಹೊಂದಿದ್ದು ಮಾತ್ರ ದಾರಕ್ಕೆ. ಹತ್ತರಲ್ಲಿ ಎರಡು ಮೂರು ಹೊಂದುವುದಿಲ್ಲ. ನಾನು "ಹೆದರಿದ ಹೆಂಗಸು" ಎಂದು ಬರೆದಲ್ಲಿ ಜೋಡಿ ಆಟಗಾರ "ಬಾಯಿ ತೆರೆದ ಹೆಂಗಸು" ಎಂದು ಬರೆದಿದ್ದ. ಅವನದೇ ಸರಿ.

ಸದ್ದಿನ ಪ್ರಯೋಗವನ್ನೂ ಮಾಡಿದೆ. ಆಟದ ಸದ್ದು ರೆಕಾರ್ಡ್ ಮಾಡಿ, ಅರ್ಧ ವೇಗಕ್ಕೆ ಇಳಿಸಿ, ತಿರುಗಿಸಿ ಕೇಳಿದ್ದು ಸುಮಾರು ನಲವತ್ತು ಗಂಟೆ. ಒಂದು ಚೀಟಿಯೂ ಹುಟ್ಟಲಿಲ್ಲ. ಹಕ್ಕಿಮುಖದವರು ಯಾವ ಕ್ರಮದಲ್ಲಿ ಬರುತ್ತಾರೆ ಎಂದು ಗುರುತು ಹಾಕಲು ನನ್ನದೊಂದು ಉಪಾಯ ಇದೆ, ಅದರಿಂದಲೇ ಔಲ್ ಕಥೆಯ ಬಹುಪಾಲು ಬಿಡಿಸಿಕೊಂಡೆ. ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇವತ್ತಿಗೆ ದಾರದ ಮೇಲೆ 340ರಷ್ಟು ಬಿಳಿ, 11 ಕರಿ. ಅಂಡರ್‌ಗ್ರೌಂಡ್ ಬ್ಲಾಸಮ್ ಆಟದ ಏಳು ಮೆಟ್ರೊ ನಿಲ್ದಾಣಗಳ ಚೀಟಿ ಅರ್ಧ ಆಗಿದೆ. ಸೀಗಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಆಟದಿಂದ ಆಟಕ್ಕೆ ಮತ್ತೆ ಮತ್ತೆ ಬರುತ್ತದಲ್ಲ. ಅದಕ್ಕೆ ನನ್ನ ಹತ್ತಿರ ಬಿಳಿ ಚೀಟಿ ಒಂಬತ್ತು ಇವೆ. ಸೀಗಡಿ ತೆಗೆದು ಅಲ್ಲಿ ಬೇರೇನೋ ಇಟ್ಟರೆ ಕಥೆ ಬದಲಾಗುತ್ತದೆಯೇ ಎಂದು ಒಂಬತ್ತಕ್ಕೂ ಕೇಳಿದೆ, ಒಂದು ಕಡೆಯೂ ಬದಲಾಗುವುದಿಲ್ಲ. ಹಾಗಾಗಿ ಸೀಗಡಿಗೆ ಇನ್ನೂ ಒಂದು ಕರಿ ಚೀಟಿಯನ್ನೂ ಬರೆದಿಲ್ಲ.