ಹಿತ್ತಲಲ್ಲಿ ಹಾವು ಕಂಡರೆ: ಸಿಯಾಟಲ್ ಕಡೆಗೆ ಹೊಸದಾಗಿ ಬಂದವರಿಗೆ

ಪ್ರತಿ ವರ್ಷ ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಮಳೆ ನಿಂತು ಎರಡು ದಿನ ಬಿಸಿಲು ಬಂತು ಅಂದರೆ, ಸಂಘದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂದೇ ಬರುತ್ತದೆ. ಬಾತೆಲ್‌ನಲ್ಲೋ ಸಮಾಮಿಶ್‌ನಲ್ಲೋ ಯಾರದೋ ಮನೆ ಮೆಟ್ಟಿಲು, ಅದರ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುವ ಪಟ್ಟೆ ಹಾವು, ಕೆಳಗೆ "ಅರ್ಜೆಂಟ್, ಇದು ಕಟ್ಟುಹಾವಾ?" ಅಂತ ಪ್ರಶ್ನೆ.

ಅಲ್ಲ. ಕಟ್ಟುಹಾವು ಈ ಖಂಡದಲ್ಲೇ ಇಲ್ಲ. ಕಟ್ಟುಹಾವಿನ ಪಟ್ಟೆ ಅಡ್ಡಡ್ಡ, ಮೈಗೆ ಬಳೆ ತೊಡಿಸಿದ ಹಾಗೆ. ನಿಮ್ಮ ಮೆಟ್ಟಿಲ ಮೇಲಿರುವುದರ ಪಟ್ಟೆ ಉದ್ದುದ್ದ: ಬೆನ್ನ ಮೇಲೊಂದು, ಎರಡು ಪಕ್ಕೆಗೆ ಒಂದೊಂದು, ಕತ್ತಿನಿಂದ ಬಾಲದವರೆಗೆ. ಅದು ಗಾರ್ಟರ್ ಹಾವು. ಅಕ್ಕಪಕ್ಕದವರು ಗಾರ್ಡನ್ ಸ್ನೇಕ್ ಅಂದರೂ ಇದನ್ನೇ ಹೇಳುತ್ತಿರುತ್ತಾರೆ. ನಮ್ಮೂರ ಕೆರೆಯ ನೀರೊಳ್ಳೆಗೆ ದೂರದ ನೆಂಟ ಅಂದುಕೊಳ್ಳಿ.

ಇಲ್ಲಿ ಕಾಣುವುದು ಇದರಲ್ಲಿ ಮೂರು ಬಗೆ. ಹಿತ್ತಲಲ್ಲಿ, ಕಾಂಪೋಸ್ಟ್ ಗುಡ್ಡೆಯಲ್ಲಿ, ಕಲ್ಲು ಜೋಡಿಸಿದ ಕಟ್ಟೆಯಲ್ಲಿ ಸಿಗುವ ಪುಟ್ಟ ತಲೆಯ ಸಣ್ಣ ಹಾವು ನಾರ್ತ್‌ವೆಸ್ಟರ್ನ್ ಗಾರ್ಟರ್, ಸಾಮಾನ್ಯವಾಗಿ ಎರಡು ಅಡಿಯೊಳಗೆ. ಬೆನ್ನ ಪಟ್ಟೆ ಕೆಂಪು, ಕಿತ್ತಳೆ, ಹಳದಿ, ನೀಲಿ ಏನು ಬೇಕಾದರೂ ಇರಬಹುದು, ಕೆಲವಕ್ಕೆ ಪಟ್ಟೆಯೇ ಇರುವುದಿಲ್ಲ, ಹಾಗಾಗಿ ಬಣ್ಣ ನೋಡಿ ಹೆದರಬೇಡಿ. ಇದು ತಿನ್ನುವುದು ಎರೆಹುಳು ಮತ್ತು ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು. ನಿಮ್ಮ ಮೆಂತ್ಯ ಸೊಪ್ಪನ್ನು ರಾತ್ರೋರಾತ್ರಿ ಬೋಳು ಮಾಡುತ್ತದಲ್ಲ, ಅದೇ ಸ್ಲಗ್. ಇಷ್ಟು ಹೇಳಿದ ಮೇಲೆ ಈ ಹಾವನ್ನು ಓಡಿಸಬೇಕಾ ಬೇಡವಾ ನೀವೇ ಹೇಳಿ.

ಎರಡನೆಯದು ಕಾಮನ್ ಗಾರ್ಟರ್, ಸ್ವಲ್ಪ ದೊಡ್ಡದು, ಕಪ್ಪು ಮೈ, ಕೆಲವಕ್ಕೆ ಪಕ್ಕದಲ್ಲಿ ಕೆಂಪು ಚುಕ್ಕೆ. ಕಪ್ಪೆ, ಮೀನು ತಿನ್ನುತ್ತದೆ. ಇಲ್ಲಿ ಹಲ್ಲಿ ತರಹದ, ಕಿತ್ತಳೆ ಹೊಟ್ಟೆಯ ನ್ಯೂಟ್ ಅಂತ ಒಂದು ಪ್ರಾಣಿ ಇದೆ, ಅದರ ಚರ್ಮದಲ್ಲಿ ಪಫರ್ ಮೀನಿನಲ್ಲಿರುವ ವಿಷವೇ ಇರುತ್ತದೆ, ಈ ಹಾವು ಅದನ್ನೂ ನುಂಗಿ ಅರಗಿಸಿಕೊಳ್ಳಬಲ್ಲದು. ಮಕ್ಕಳು ಕೈಗೆತ್ತಿಕೊಳ್ಳದ ಹಾಗೆ ನಿಜವಾಗಿ ನೋಡಿಕೊಳ್ಳಬೇಕಾದ್ದು ಆ ನ್ಯೂಟನ್ನು. ಮೂರನೆಯದು ಬೂದು ಕಂದು ಮೈಯ ವೆಸ್ಟರ್ನ್ ಟೆರೆಸ್ಟ್ರಿಯಲ್, ಪಟ್ಟೆಗಳ ನಡುವೆ ಚುಕ್ಕೆ.

"ತಲೆ ತ್ರಿಕೋನ ಇದ್ದರೆ ವಿಷದ ಹಾವು" ಅನ್ನುವ ಮಾತು ಮರೆತುಬಿಡಿ. ಹೆದರಿದಾಗ ಗಾರ್ಟರ್ ಹಾವೂ ತಲೆ ಚಪ್ಪಟೆ ಮಾಡಿ ತ್ರಿಕೋನ ಆಗುತ್ತದೆ. ಇದರ ಎಂಜಲಿನಲ್ಲಿ ತುಸು ವಿಷ ಇದೆ, ಮನುಷ್ಯರಿಗೆ ಅದು ಲೆಕ್ಕಕ್ಕಿಲ್ಲ. ಕಚ್ಚಿದರೆ ಮುಳ್ಳು ತರಚಿದಷ್ಟು, ಸೋಪಿನಲ್ಲಿ ತೊಳೆದರೆ ಆಯಿತು. ಅದರ ನಿಜವಾದ ಆಯುಧ ವಾಸನೆ. ನನ್ನ ಮಗ ಒಂದನ್ನು ಹಿಡಿದು ಓಡಿಬಂದ, ಅದು ಅಂಗಿಗೆ ಏನೋ ಬಿಟ್ಟಿತು ನೋಡಿ, ಕೊಳೆತ ಮೀನೂ ಹಳಸಿದ ಹುಳಿಯೂ ಸೇರಿದ ಹಾಗೆ, ಎರಡು ಸಲ ಒಗೆದರೂ ಹೋಗದೆ ಅಂಗಿ ಕಸಕ್ಕೆ ಹೋಯಿತು.

ಇವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಹೆಚ್ಚುಕಡಿಮೆ ಗಣೇಶನ ಹಬ್ಬದ ಹೊತ್ತಿಗೆ ಪೆನ್ಸಿಲ್‌ಗಿಂತ ಸಣ್ಣ ಮರಿಗಳು ಗರಾಜಿಗೂ ಬರುತ್ತವೆ. ಬಾಗಿಲು ಪೂರ್ತಿ ತೆರೆದು ಪೊರಕೆಯಿಂದ ಮೆಲ್ಲಗೆ ತಳ್ಳಿ, ಸಾಕು. ಇದಕ್ಕೆ ತುರ್ತು ಸಹಾಯದ ನಂಬರ್ 911 ಬೇಡ, ದುಡ್ಡು ಕೊಟ್ಟು ಯಾರನ್ನೂ ಕರೆಸುವುದೂ ಬೇಡ. ಹುಲ್ಲು ಕತ್ತರಿಸುವ ಮುಂಚೆ ಒಂದು ಸುತ್ತು ನಡೆದು ಬನ್ನಿ. ಬ್ಲೂಬೆರಿ ಗಿಡಕ್ಕೆ ಹಕ್ಕಿ ಬಲೆ ಹಾಕಿದ್ದರೆ ನೆಲಕ್ಕೆ ಬಿಡಬೇಡಿ, ಹಾವು ಸಿಕ್ಕಿಕೊಂಡು ಸಾಯುತ್ತದೆ. ಇನ್ನೊಂದು, ಊರಿಂದ ಬಂದಿದ್ದ ನಮ್ಮತ್ತೆ ನಾಗರ ಪಂಚಮಿ ದಿನ ಕಲ್ಲಿನ ಪಕ್ಕ ಒಂದು ಬಟ್ಟಲು ಹಾಲಿಟ್ಟರು. ಹಾವು ಹಾಲು ಕುಡಿಯುವುದಿಲ್ಲ. ಬಂದದ್ದು ರಕೂನ್ ಅನ್ನುವ ಕಾಡುಪ್ರಾಣಿ, ಆಮೇಲೆ ಒಂದು ವಾರ ದಿನಾ ರಾತ್ರಿ ಬಂತು.

ಅಪರೂಪಕ್ಕೆ ಪಟ್ಟೆಯೇ ಇಲ್ಲದ, ನುಣುಪಾದ ಕಂದು ಹಾವು ಕಾಣಬಹುದು, ಬಾಲ ಯಾವುದು ತಲೆ ಯಾವುದು ಗೊತ್ತಾಗುವುದಿಲ್ಲ. ರಬ್ಬರ್ ಬೋವಾ. ಥೇಟ್ ನಮ್ಮ ಮಣ್ಣುಮುಕ್ಕ, ಅದೇ "ಎರಡು ತಲೆ ಹಾವು" ಅಂತ ಊರಲ್ಲಿ ಲಕ್ಷಗಟ್ಟಲೆ ಮೋಸ ಮಾಡುತ್ತಾರಲ್ಲ, ಅದರ ಹಾಗೆ. ಮುಟ್ಟಿದರೆ ಉಂಡೆ ಸುತ್ತಿಕೊಂಡು ಬಾಲ ಎತ್ತಿ ತೋರಿಸುತ್ತದೆ, ತಲೆಯನ್ನು ಒಳಗೆ ಬಚ್ಚಿಡುತ್ತದೆ. ಪಾಪದ ಪ್ರಾಣಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕ್ಯಾಸ್ಕೇಡ್ ಬೆಟ್ಟಸಾಲಿನ ಈ ಕಡೆಗೆ, ಅಂದರೆ ಸಿಯಾಟಲ್ ಇರುವ ಪಶ್ಚಿಮದ ಕಡೆಗೆ. ಐ-90 ಹೆದ್ದಾರಿಯಲ್ಲಿ ಸ್ನೋಕ್ವಾಲ್ಮಿ ಪಾಸ್ ದಾಟಿ ಇಳಿದರೆ ಲೆಕ್ಕ ಬೇರೆ. ವ್ಯಾಂಟೇಜ್, ವೆನಾಚಿ, ಯಾಕಿಮಾ ಕಡೆಯ ಒಣ ಬಂಡೆಗಳಲ್ಲಿ ರಾಟಲ್‌ಸ್ನೇಕ್ ಇದೆ, ನಮ್ಮ ಕೊಳಕುಮಂಡಲದ ವಂಶದ್ದೇ. ನಾರ್ತ್ ಬೆಂಡ್ ಹತ್ತಿರದ ರಾಟಲ್‌ಸ್ನೇಕ್ ಲೆಡ್ಜ್ ಅನ್ನುವ ಚಾರಣದ ಜಾಗದ ಹೆಸರಿಗೆ ಹೆದರಬೇಡಿ, ಅದು ಬೆಟ್ಟದ ಈ ಕಡೆಗಿದೆ, ಅಲ್ಲಿ ಅವು ಇಲ್ಲ.

ಬೆಟ್ಟದ ಆ ಕಡೆ ಗೋಫರ್ ಹಾವೂ ಇರುತ್ತದೆ, ನಾಲ್ಕೈದು ಅಡಿ, ಕಂದು ಮಚ್ಚೆ, ಬುಸುಗುಟ್ಟಿ ಒಣ ಹುಲ್ಲಲ್ಲಿ ಬಾಲ ಅಲ್ಲಾಡಿಸಿ ಸದ್ದು ಮಾಡುತ್ತದೆ. ಅದರ ಬಾಲ ಚೂಪು. ರಾಟಲ್‌ಸ್ನೇಕ್‌ನ ಬಾಲ ಮೊಂಡು, ತುದಿಯಲ್ಲಿ ಗಿಲಕಿ. ಹತ್ತಿರ ಹೋಗಿ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ, ಸದ್ದು ಕೇಳಿದರೆ ನಿಂತು, ಎಲ್ಲಿದೆ ನೋಡಿ, ಹಿಂದೆ ಸರಿಯಿರಿ. ಬಂಡೆ ಸಂದಿಗೆ ಕಾಣದೆ ಕೈ ಹಾಕಬೇಡಿ.

ರಾಟಲ್‌ಸ್ನೇಕ್ ಕಚ್ಚಿದರೆ 911. ಉಂಗುರ, ವಾಚು, ಬಳೆ ತಕ್ಷಣ ತೆಗೆಯಿರಿ, ಊದಿಕೊಳ್ಳುತ್ತದೆ. ಊರಲ್ಲಿ ಮಾಡುವ ಹಾಗೆ ಬಟ್ಟೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ. ಹಾವನ್ನು ಕೊಂದು ತರಲೂ ಹೋಗಬೇಡಿ. ವಿಷದ ಬಗ್ಗೆ ಹಗಲೂ ರಾತ್ರಿ ಉತ್ತರಿಸುವ ಪಾಯ್ಸನ್ ಸೆಂಟರ್ ನಂಬರ್ 1-800-222-1222. ಆ ಕಡೆ ಸಿಗ್ನಲ್ ಸಿಗದ ಜಾಗ ಜಾಸ್ತಿ, ಹುಡುಕುತ್ತಾ ಕೂರಲು ಆಗುವುದಿಲ್ಲ, ಮನೆ ಬಿಡುವ ಮುಂಚೆಯೇ ಸೇವ್ ಮಾಡಿಕೊಳ್ಳಿ.