ಉತ್ಖನನದ ಫೋಟೊ ಜೋಪಾನ ಮಾಡುವವರಿಗೆ

ನಮ್ಮ ತಂಡದ ಫೋಟೊ ಸಂಗ್ರಹ ನೋಡಿಕೊಳ್ಳುತ್ತಿದ್ದ ಹಿರಿಯ ಸಹೋದ್ಯೋಗಿ ಈಗಿಲ್ಲ. ಯಾರು ಯಾವ ಚಿತ್ರ ಕೇಳಿದರೂ ಬೇಸರಿಸದೆ ಹುಡುಕಿ ಕೊಡುತ್ತಿದ್ದರು. ಅವರು ಕಲಿಸಿದ್ದು ನಿಮಗೂ ಉಪಯೋಗಕ್ಕೆ ಬರಲಿ.

ಚಿತ್ರ ತೆಗೆದ ದಿನವೇ ವಿವರ ಬರೆದಿಡಿ: ಯಾವ ಟ್ರೆಂಚ್ (ಅಗೆಯುವ ಗುಂಡಿ), ಮಣ್ಣಿನ ಯಾವ ಪದರ, ತೆಗೆದವರು ಯಾರು, ಕ್ಯಾಮೆರಾ ಯಾವ ದಿಕ್ಕಿಗಿತ್ತು. ದಿಕ್ಕು ಬರೆಯುವುದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಅಗೆದ ಪದರ ಮತ್ತೆ ನೋಡಲು ಸಿಗುವುದಿಲ್ಲ. ಕಾಣುತ್ತಿರುವುದು ಗೋಡೆಯ ಪೂರ್ವ ಮುಖವೋ ಪಶ್ಚಿಮ ಮುಖವೋ ಎಂಬುದಕ್ಕೆ ಕೊನೆಗೆ ಆ ಟಿಪ್ಪಣಿಯೇ ಆಧಾರ. ಅಳತೆಪಟ್ಟಿ, ಉತ್ತರ ತೋರುವ ಬಾಣ ಚಿತ್ರದೊಳಗೆ ಇರಲಿ. ಅವಿಲ್ಲದ ಇನ್ನೊಂದನ್ನೂ ತೆಗೆದಿಟ್ಟುಕೊಳ್ಳಿ.

ಫೈಲಿನ ಹೆಸರಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿಗಳಲ್ಲೇ ಹಾಕಿದರೆ ಫೈಲುಗಳು ತಾವಾಗಿ ದಿನದ ಕ್ರಮದಲ್ಲಿ ಸಾಲಾಗುತ್ತವೆ. ಮೂಲ ಫೈಲನ್ನು ಮುಟ್ಟಬೇಡಿ, ತಿದ್ದುವುದೆಲ್ಲ ನಕಲಿನಲ್ಲಿ. ಪ್ರತಿ ಫೈಲಿಗೆ 3 ಪ್ರತಿ ಇರಲಿ, ಅವು 2 ಬಗೆಯ ಶೇಖರಣಾ ಸಾಧನಗಳಲ್ಲಿರಲಿ, ಅದರಲ್ಲಿ 1 ಪ್ರತಿ ಬೇರೆ ಕಡೆ ಇರಲಿ. ಹಳೆಯ ನೆಗೆಟಿವ್‌ಗಳಿಗೆ ಆಮ್ಲರಹಿತ ಕಾಗದದ ಲಕೋಟೆಯೇ ಬೇಕು. ವಿವರವನ್ನು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ, ನೆಗೆಟಿವ್ ಒಳಗಿಡುವ ಮೊದಲೇ ಬರೆಯಿರಿ.

ಇನ್ನೊಂದು ಕೋರಿಕೆ. ವರದಿ ಅಚ್ಚಿಗೆ ಹೋಗುವಾಗ ಫೋಟೊ ತೆಗೆದವರ ಜೊತೆಗೆ ಸಂಗ್ರಹ ಕಾಪಾಡಿದವರ ಹೆಸರನ್ನೂ ದಯವಿಟ್ಟು ಸೇರಿಸಿ. ನಮ್ಮ ಮುಂದಿನ ವರದಿಯಲ್ಲಿ ಆ ಹಿರಿಯ ಸಹೋದ್ಯೋಗಿಯ ಹೆಸರು ಇರುತ್ತದೆ.